ಮಳೆಗಾಲಕ್ಕೆ ಮುಂಚೆ ಅಟ್ಟ ಹತ್ತುವ ಪೆಟ್ಟಿಗೆಗಳು

ಪ್ರತಿ ವರ್ಷ ಮೇ ತಿಂಗಳ ಮೂರನೇ ವಾರ ನಾನು ಪುಣೆಯಿಂದ ಸಿದ್ದಾಪುರದ ಕಡೆಯ ನಮ್ಮೂರಿಗೆ ಹೋಗುತ್ತೇನೆ. ಆಫೀಸಿನವರ ಪ್ರಕಾರ ಇದು ಮಾವಿನಹಣ್ಣಿನ ರಜೆ. ಬರುವಾಗ ಒಂದು ಚೀಲ ಹಣ್ಣು ತಂದು ಹಂಚುವುದರಿಂದ ಅವರ ನಂಬಿಕೆ ವರ್ಷವರ್ಷಕ್ಕೂ ಗಟ್ಟಿಯಾಗುತ್ತಿದೆ. ನಾನೂ ತಿದ್ದಲು ಹೋಗಿಲ್ಲ. ಜೇನುಪೆಟ್ಟಿಗೆ ತೊಳೆದು ಒಣಗಿಸಿ ಅಟ್ಟಕ್ಕೆ ಏರಿಸಲಿಕ್ಕೆ ನಾಲ್ಕು ದಿನ ರಜೆ ಬೇಕು ಎಂದು ಬರೆದರೆ ಯಾವ ಮ್ಯಾನೇಜರ್ ಸಹಿ ಹಾಕುತ್ತಾನೆ?

ಈ ಕೆಲಸದ ಬಗ್ಗೆ ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಿಗುವುದೆಲ್ಲ ಚಳಿಗಾಲದ ಮಾತು. ಜೇನು ತೆಗೆದಾದ ಮೇಲೆ, ಹಿಮ ಬೀಳುವ ಮುಂಚೆ ಪೆಟ್ಟಿಗೆ, ಚೌಕಟ್ಟು, ಯಂತ್ರ ಇವನ್ನೆಲ್ಲ ಎಲ್ಲಿ ಹೇಗೆ ಇಡಬೇಕು ಎಂದು ಅಮೆರಿಕದವರೂ ಇಂಗ್ಲೆಂಡಿನವರೂ ಪುಟಗಟ್ಟಲೆ ಬರೆದಿದ್ದಾರೆ. ಓದಲು ಚೆನ್ನಾಗಿದೆ. ಅವರಿಗೆ ದೊಡ್ಡ ಅನುಕೂಲ ಒಂದಿದೆ. ಎರಿಗಳನ್ನು ತಣ್ಣನೆಯ ಕೊಟ್ಟಿಗೆಯಲ್ಲಿ ಇಟ್ಟು ಇಲಿ ಬಾರದ ಹಾಗೆ ಮುಚ್ಚಿಬಿಟ್ಟರೆ ಉಳಿದದ್ದನ್ನು ಹಿಮವೇ ನೋಡಿಕೊಳ್ಳುತ್ತದೆ. ಮೇಣದ ಹುಳ, ಅದರ ಮೊಟ್ಟೆ, ಎಲ್ಲ ಆ ಚಳಿಗೆ ಸಾಯುತ್ತವೆ.

ನಮ್ಮ ಘಟ್ಟದ ಮೇಲೆ ಲೆಕ್ಕವೇ ತಿರುಗುಮುರುಗು. ಚಳಿಗಾಲವೆಂದರೆ ನಮ್ಮ ತುಡುವೆ ಜೇನಿಗೆ ಸುಗ್ಗಿಯ ಮುನ್ನಾದಿನ. ದೀಪಾವಳಿ ಕಳೆದು ಬಿಸಿಲು ಬಿದ್ದರೆ ಕುಟುಂಬ ಬೆಳೆಯುತ್ತದೆ, ಹೊಸ ರಾಣಿ ಹುಟ್ಟುತ್ತದೆ, ಹಿಂಡು ಪಾಲಾಗುತ್ತದೆ. ಫೆಬ್ರುವರಿ ಮಾರ್ಚಿನಲ್ಲಿ ಕೌಲು, ಆಮೇಲೆ ನೇರಳೆ, ಹೀಗೆ ಒಂದರ ಹಿಂದೊಂದು ಮರ ಹೂವಾಗಿ, ಮೇ ತಿಂಗಳ ಅಡ್ಡಮಳೆಯ ಹೊತ್ತಿಗೆ ಕೊಯ್ಲು ಮುಗಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಹೂವಿದ್ದರೂ ಹಾರಲು ಬಿಡುವಿಲ್ಲ. ಅವರಿಗೆ ಡಿಸೆಂಬರ್ ಹೇಗೋ ನಮ್ಮ ಜೇನಿಗೆ ಆಷಾಢ ಹಾಗೆ. ವ್ಯತ್ಯಾಸವೆಂದರೆ ಅವರ ಕಷ್ಟಕಾಲ ಹುಳವನ್ನು ಕೊಲ್ಲುತ್ತದೆ, ನಮ್ಮದು ಸಾಕುತ್ತದೆ.

ಮೇಣದ ಹುಳ ನೋಡದವರಿಗೆ ಒಂದು ಮಾತು. ಬೂದು ಬಣ್ಣದ ಒಂದು ಪತಂಗ, ನೋಡಿದರೆ ಪಾಪ ಅನಿಸುವಂಥದ್ದು. ದೊಡ್ಡದಾದ ಮೇಲೆ ಅದು ಏನೂ ತಿನ್ನುವುದಿಲ್ಲ. ತಿನ್ನುವುದೆಲ್ಲ ಅದರ ಮರಿ. ಪೆಟ್ಟಿಗೆಯ ಬಿರುಕಿನಲ್ಲಿ ಇಟ್ಟ ಮೊಟ್ಟೆ ನಮ್ಮ ಸೆಕೆಗೆ ವಾರದೊಳಗೆ ಒಡೆಯುತ್ತದೆ. ಆ ಮರಿಗೆ ಬರೀ ಮೇಣ ಸಾಲದು. ಜೇನುಮರಿ ಬೆಳೆದು ಬಿಟ್ಟುಹೋದ ಪೊರೆ, ಅಳಿದುಳಿದ ಪರಾಗ, ಇವು ಬೇಕು. ಆದ್ದರಿಂದಲೇ ಕಪ್ಪಾದ ಹಳೆಯ ಎರಿ ಅದಕ್ಕೆ ಮೃಷ್ಟಾನ್ನ, ಬೆಳ್ಳಗಿನ ಹೊಸ ಎರಿ ಸಪ್ಪೆ ಊಟ. ಎರಿಯೊಳಗೆ ಸುರಂಗ ಕೊರೆಯುತ್ತ, ಜೇಡರ ಬಲೆಯಂಥ ನೂಲು ಬಿಡುತ್ತ ಹೋಗುತ್ತದೆ. ಜುಲೈಯಲ್ಲಿ ಮುಚ್ಚಿಟ್ಟ ಪೆಟ್ಟಿಗೆ ಸೆಪ್ಟೆಂಬರಿನಲ್ಲಿ ತೆಗೆದರೆ ಎರಿ ಇದ್ದ ಜಾಗದಲ್ಲಿ ಬಿಳಿ ನೂಲಿನ ಮುದ್ದೆ, ಕಪ್ಪು ಹಿಕ್ಕೆ, ಅಷ್ಟೇ. ಮರದ ಚೌಕಟ್ಟಿನಲ್ಲೂ ದೋಣಿಯಾಕಾರದ ಗುಳಿ ತೋಡಿ ಗೂಡು ಕಟ್ಟಿರುತ್ತದೆ.

ಹೋದರೆ ಹೋಯಿತು, ಜೇನು ಮತ್ತೆ ಎರಿ ಕಟ್ಟುತ್ತದಲ್ಲ ಎಂದು ನನ್ನ ಹೆಂಡತಿ ಮದುವೆಯಾದ ಹೊಸತರಲ್ಲಿ ಕೇಳಿದ್ದಳು. ಕಟ್ಟುತ್ತದೆ, ಆದರೆ ಒಂದು ಕಿಲೋ ಮೇಣ ಮಾಡಲು ಜೇನುಹುಳ ಆರೇಳು ಕಿಲೋ ತುಪ್ಪ ಉಣ್ಣಬೇಕು ಎಂಬುದು ಜೇನು ಪುಸ್ತಕಗಳ ಲೆಕ್ಕ. ತುಡುವೆ ಜೇನು ವರ್ಷಕ್ಕೆ ಪೆಟ್ಟಿಗೆಗೆ ಕೊಡುವುದೇ ಐದಾರು ಕಿಲೋ, ಒಳ್ಳೆಯ ವರ್ಷ ಹತ್ತು. ಕಟ್ಟಿದ ಎರಿ ಕೈಯಲ್ಲಿದ್ದರೆ ಮುಂದಿನ ಫೆಬ್ರುವರಿಯಲ್ಲಿ ಹೂವು ಅರಳಿದ ದಿನದಿಂದಲೇ ತುಪ್ಪ ತುಂಬಲು ಶುರು. ಇಲ್ಲದಿದ್ದರೆ ಕೌಲಿನ ಹೂವೆಲ್ಲ ಮನೆ ಕಟ್ಟುವುದರಲ್ಲೇ ಖರ್ಚು. ಅಟ್ಟದಲ್ಲಿ ಇಡುವುದು ಪಾತ್ರೆ ಪಗಡೆಯನ್ನಲ್ಲ, ಮುಂದಿನ ವರ್ಷದ ಬೆಳೆಯನ್ನು.

ಅಪ್ಪ ಜೇನು ಶುರುಮಾಡಿದ್ದು 1984ರಲ್ಲಿ, ಎರಡು ಪೆಟ್ಟಿಗೆಯಿಂದ. ನ್ಯೂಟನ್ ಮಾದರಿಯ ಪೆಟ್ಟಿಗೆ. ಹೆಸರು ಕೇಳಿ ಸೇಬಿನ ನ್ಯೂಟನ್ ಎಂದುಕೊಂಡಿದ್ದೆ ಚಿಕ್ಕವನಿದ್ದಾಗ. ಅವರು ತಿರುಚಿರಾಪಳ್ಳಿಯಲ್ಲಿದ್ದ ಒಬ್ಬ ಪಾದ್ರಿ. ನಮ್ಮ ಸಣ್ಣ ಜೇನಿಗೆ ಹೊಂದುವ ಸಣ್ಣ ಪೆಟ್ಟಿಗೆಯನ್ನು ಕಳೆದ ಶತಮಾನದ ಎರಡನೇ ದಶಕದಲ್ಲಿ ರೂಪಿಸಿದವರು. ನನ್ನ ಮಟ್ಟಿಗೆ ಆ ನ್ಯೂಟನ್‌ಗಿಂತ ಈ ನ್ಯೂಟನ್ ಹೆಚ್ಚು ಕೆಲಸಕ್ಕೆ ಬಂದಿದ್ದಾರೆ.

1991ರ ಹೊತ್ತಿಗೆ ಮನೆಯ ಸುತ್ತ ಹದಿನೆಂಟು ಪೆಟ್ಟಿಗೆ ಇದ್ದವು. ಆಗ ಬಂತು ಥಾಯ್ ಸ್ಯಾಕ್‌ಬ್ರೂಡ್ ರೋಗ. ಆ ಎರಡು ವರ್ಷ ದಕ್ಷಿಣ ಭಾರತದ ತುಡುವೆ ಜೇನಿಗೆ ಬಿದ್ದ ಹೊಡೆತ ಕೊಡಗಿನಲ್ಲಿ, ದಕ್ಷಿಣ ಕನ್ನಡದಲ್ಲಿ, ನಮ್ಮ ಕಡೆ ಜೇನು ಸಾಕಿದ ಮನೆಯವರಿಗೆಲ್ಲ ನೆನಪಿರುತ್ತದೆ. ಮರಿ ಕೋಶದೊಳಗೆ ಸತ್ತು, ನೀರು ತುಂಬಿದ ಸಣ್ಣ ಚೀಲದ ಹಾಗೆ ಆಗುತ್ತಿತ್ತು. ಅಪ್ಪ ಅದನ್ನು ಕಡ್ಡಿಯಿಂದ ಎತ್ತಿ ನನಗೆ ತೋರಿಸಿದ್ದರು. ವೈರಸ್ಸು, ಔಷಧವಿಲ್ಲ. 1992ರ ಮಳೆಗಾಲ ಮುಗಿಯುವಾಗ ಹದಿನೆಂಟರಲ್ಲಿ ಒಂದೂ ಇರಲಿಲ್ಲ.

ಎರಿಗಳನ್ನೆಲ್ಲ ಅಪ್ಪ ತೋಟದ ಅಂಚಿನಲ್ಲಿ ಸುಟ್ಟರು. ಪೆಟ್ಟಿಗೆಗಳನ್ನು ಕುದಿನೀರಿಗೆ ಸೋಡಾ ಹಾಕಿ ತಿಕ್ಕಿ, ಒಳಮೈಯನ್ನು ಬೆಂಕಿಗೆ ಹಿಡಿದು ಕೆಂಪಗಾಗುವಷ್ಟು ಬಾಡಿಸಿ, ಅಟ್ಟಕ್ಕೆ ಹಾಕಿದರು. ಊರಿನಲ್ಲಿ ಎಷ್ಟೋ ಜನ ಪೆಟ್ಟಿಗೆಯನ್ನು ಕೋಳಿಗೂಡಿಗೋ ಬಚ್ಚಲ ಒಲೆಗೋ ಕೊಟ್ಟುಬಿಟ್ಟ ಕಾಲ ಅದು. ಆಮೇಲಿನ ನಾಲ್ಕು ವರ್ಷ ನಮ್ಮ ಮನೆಯಲ್ಲಿ ಒಂದು ಹುಳ ಇಲ್ಲ, ಒಂದು ಚಮಚ ಜೇನಿಲ್ಲ. ಆದರೂ ಪ್ರತಿ ಮೇ ತಿಂಗಳು ಹದಿನೆಂಟು ಖಾಲಿ ಪೆಟ್ಟಿಗೆ ಕೆಳಗಿಳಿದು ಅಂಗಳದಲ್ಲಿ ಸಾಲಾಗಿ ಕೂರುತ್ತಿದ್ದವು. ಅಪ್ಪ ಗೆದ್ದಲು ನೋಡುವರು, ಬಿರುಕಿಗೆ ಮೇಣ ತುಂಬುವರು, ಎರಡು ದಿನ ಬಿಸಿಲು ಕಾಯಿಸಿ ಮತ್ತೆ ಮೇಲೆ ಕಳಿಸುವರು. ಏಣಿಯ ಕೆಳಗೆ ನಿಂತು ಒಂದೊಂದಾಗಿ ಎತ್ತಿಕೊಡುವುದು ನನ್ನ ಕೆಲಸ. ಹೈಸ್ಕೂಲು ಹುಡುಗ ನಾನು. ಖಾಲಿ ಡಬ್ಬಕ್ಕೆ ಇಷ್ಟು ಸೇವೆ ಯಾಕೆ ಎಂದು ಕೇಳಿದರೆ, "ಪೆಟ್ಟಿಗೆ ಚೊಲೊ ಇದ್ರೆ ಜೇನು ಬತ್ತು" ಎಂದಿದ್ದರು. ಅಷ್ಟೇ, ಅವರು ಮಾತು ಕಮ್ಮಿ.

1996ರ ಡಿಸೆಂಬರಿನಲ್ಲಿ ಗದ್ದೆಬದಿಯ ಹುತ್ತದಲ್ಲಿ ತುಡುವೆ ಕಂಡಿತು. ರೋಗದಲ್ಲಿ ಉಳಿದುಕೊಂಡ ಕಾಡಿನ ಜೇನು. ಸಂಜೆ ಹುತ್ತ ಅಗೆದು ಕುಟುಂಬವನ್ನು ಕೂಡಿಸುವಾಗ ಪೆಟ್ಟಿಗೆ ಹುಡುಕುವ ಪ್ರಶ್ನೆ ಬರಲಿಲ್ಲ.

ಅಪ್ಪ ಹೋಗಿದ್ದು 2018ರಲ್ಲಿ. ಅಲ್ಲಿಂದ ಆಯಿ ನಾಲ್ಕು ಕುಟುಂಬ ಇಟ್ಟುಕೊಂಡಿದ್ದಾರೆ. ನಾನು ಪುಣೆಯಲ್ಲಿ, ತಮ್ಮ ಹೈದರಾಬಾದಿನಲ್ಲಿ. ಅಪ್ಪ ಹೋದ ವರ್ಷ, ಹೇಗೂ ಇದೇ ಊರಲ್ಲಿದ್ದೇನಲ್ಲ ಎಂದು, ಪುಣೆಯ ಗಣೇಶಖಿಂಡ ರಸ್ತೆಯ ಕೇಂದ್ರೀಯ ಜೇನು ಸಂಶೋಧನಾ ಮತ್ತು ತರಬೇತಿ ಸಂಸ್ಥೆಗೆ ಹೋಗಿ ಕೆಲವು ದಿನ ಕಲಿತು ಬಂದೆ. ಖಾದಿ ಆಯೋಗದ ಸಂಸ್ಥೆ, 1962ರಿಂದ ಇದೆ. ಪುಣೆಯ ಕನ್ನಡಿಗರಲ್ಲಿ ಎಷ್ಟೋ ಜನ ದಿನಾ ಅದರ ಎದುರಿಗೇ ಬಸ್ಸಿನಲ್ಲಿ ಹೋಗುತ್ತಾರೆ. ಅಲ್ಲಿ ಮಹಾಬಳೇಶ್ವರದ ಕಡೆಯ ಒಬ್ಬ ರೈತರು ಸಿಕ್ಕರು. ಅವರದೂ ನಮ್ಮ ಹಾಗೆ ಸಹ್ಯಾದ್ರಿಯ ಜಡಿಮಳೆ, ಅದೇ ತುಡುವೆ, ಅದೇ ಮೇಣದ ಹುಳ. ಏಳೆಂಟು ವರ್ಷಕ್ಕೊಮ್ಮೆ ಹೂಬಿಡುವ ಕಾರ್ವಿಯ ಜೇನಿನ ಬಗ್ಗೆ ಅವರು ಮರಾಠಿಯಲ್ಲಿ, ನಮ್ಮ ಗುರಿಗೆಯ ಬಗ್ಗೆ ನಾನು ನನ್ನ ಅರೆಬರೆ ಮರಾಠಿಯಲ್ಲಿ ಹೇಳಿಕೊಂಡೆವು. ತರಗತಿಯಲ್ಲಿ ಕಲಿತದ್ದಕ್ಕಿಂತ ಚಹಾ ಅಂಗಡಿಯಲ್ಲಿ ಕಲಿತದ್ದು ಹೆಚ್ಚು ಎಂದರೆ ಸಂಸ್ಥೆಗೆ ಅನ್ಯಾಯ, ಆದರೆ ಕಮ್ಮಿಯೇನೂ ಅಲ್ಲ.

ಈಗ ನಾವು ಮಾಡುವ ಕ್ರಮ ಅಪ್ಪನದು, ಆಯಿಯದು, ಆ ರೈತರದು ಸೇರಿದ ಮಿಶ್ರಣ. ತುಪ್ಪ ತೆಗೆದ ಎರಿ ಅಂಟಂಟಾಗಿರುತ್ತದೆ. ಅದನ್ನು ನೀರಿನಲ್ಲಿ ತೊಳೆಯಬಾರದು. ಸಂಜೆ ಕತ್ತಲಾಗುವ ಮುಂಚೆ ಪೆಟ್ಟಿಗೆಗೇ ವಾಪಸು ಕೊಟ್ಟರೆ ಜೇನುಗಳೇ ಒಂದೆರಡು ರಾತ್ರಿಯಲ್ಲಿ ನೆಕ್ಕಿ ಒಣಗಿಸಿಕೊಡುತ್ತವೆ. ಹಗಲು ಕೊಟ್ಟರೆ, ಅಥವಾ ಅಂಗಳದಲ್ಲಿ ತೆರೆದಿಟ್ಟರೆ, ಊರಿನ ಜೇನೆಲ್ಲ ಲೂಟಿಗೆ ಬಂದು ದುರ್ಬಲ ಕುಟುಂಬದ ಕತೆ ಮುಗಿಯುತ್ತದೆ. ಜೇನು ತೆಗೆಯುವ ಯಂತ್ರಕ್ಕೆ ಮಾತ್ರ ನೀರು, ಅದೂ ಮೊದಲು ತಣ್ಣೀರು. ಬಿಸಿನೀರು ಹೊಯ್ದರೆ ಮೇಣ ಕರಗಿ ತಗಡಿಗೆಲ್ಲ ಮೆತ್ತಿಕೊಂಡು ಮೂರು ದಿನ ಉಜ್ಜಿದರೂ ಹೋಗುವುದಿಲ್ಲ. ಒಂದು ಹಗಲು ಬಿಸಿಲಿಗೆ ಮಗುಚಿಟ್ಟು, ಹಲ್ಲುಚಕ್ರಕ್ಕೆ ಎಣ್ಣೆ ಬಿಟ್ಟು, ಅಪ್ಪನ ಹಳೆ ಪಂಚೆ ಸುತ್ತಿದರೆ ಅದರ ಕೆಲಸ ಮುಗಿಯಿತು. ಹೊಗೆತಿದಿಯ ಚರ್ಮಕ್ಕೆ ಬೂಷ್ಟು ಬರದ ಹಾಗೆ ಅಡುಗೆಮನೆಯ ಒಲೆಗೋಡೆಗೆ ನೇತುಹಾಕುವುದು.

ಎರಿ ಆರಿಸುವುದು ಹೆಚ್ಚು ಹೊತ್ತಿನ ಕೆಲಸ. ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡಬೇಕು. ಹಿಂದಿಟ್ಟ ಬೆರಳಿನ ನೆರಳು ಕಂಡರೆ ಉಳಿಸಬಹುದು, ಕಾಣದಷ್ಟು ಕಪ್ಪಾಗಿದ್ದರೆ ಕರಗಿಸುವ ಗುಂಪಿಗೆ. ತುಡುವೆ ಜೇನಿಗೂ ಹಳೆ ಎರಿ ಇಷ್ಟವಿಲ್ಲ, ತಾನೇ ಕಡಿದು ಉದುರಿಸುತ್ತದೆ. ಕರಗಿಸಿದ ಮೇಣ ಬಟ್ಟೆಯಲ್ಲಿ ಸೋಸಿ ಹಿಂಡಿದರೆ ಅರಿಸಿನದ ಬಣ್ಣದ ಬಿಲ್ಲೆ. ಅರ್ಧ ಪೆಟ್ಟಿಗೆಯ ಬಿರುಕಿಗೆ, ಅರ್ಧ ಆಯಿಯ ಹಿಮ್ಮಡಿ ಒಡಕಿನ ಮುಲಾಮಿಗೆ. ಆ ಮುಲಾಮಿಗೆ ನಮ್ಮ ಸೊಸೈಟಿಯ ಮೂರು ಮರಾಠಿ ಅಜ್ಜಿಯರು ಖಾಯಂ ಗಿರಾಕಿಗಳು. ಬೇಸಿಗೆಯಲ್ಲಿ ಇದೇ ಸೊಸೈಟಿಯ ಏಳನೇ ಮಹಡಿಗೆ ಹೆಜ್ಜೇನು ಕಟ್ಟಿದರೆ ಮೊದಲು ಔಷಧ ಹೊಡೆಸಿ ಎಂದು ಕೂಗುವವರೂ ಅವರೇ. ಇರಲಿ.

ಉಳಿಸಿದ ಎರಿ ಅಟ್ಟಕ್ಕೆ. ನಮ್ಮದು ಅಡುಗೆಮನೆಯ ಮೇಲಿನ ಅಟ್ಟ, ಒಲೆಯ ನೇರಕ್ಕಲ್ಲ, ಸ್ವಲ್ಪ ಓರೆಗೆ. ನೇರಕ್ಕಿಟ್ಟರೆ ಕಾವಿಗೆ ಮೇಣ ಬಾಗುತ್ತದೆ, ದೂರ ಇಟ್ಟರೆ ಥಂಡಿಗೆ ಬೂಷ್ಟು ಹಿಡಿಯುತ್ತದೆ. ಗಾಳಿ ಬೆಳಕು ಇದ್ದಲ್ಲಿ ಪತಂಗಕ್ಕೆ ಮೊಟ್ಟೆಯಿಡಲು ಮನಸ್ಸಾಗುವುದಿಲ್ಲವಂತೆ, ಆದ್ದರಿಂದ ಎರಿ ಎರಿಗೆ ಎರಡು ಬೆರಳು ಅಂತರ. ಅದಕ್ಕೂ ಮೊದಲು ಜೇನುಕೋಣೆಗಳನ್ನು ಒಂದರ ಮೇಲೊಂದು ಪೇರಿಸಿ, ಸಂದಿಗೆಲ್ಲ ಸಗಣಿ ಮೆತ್ತಿ, ಮೇಲಿನ ಖಾಲಿ ಕೋಣೆಯಲ್ಲಿ ಕೆಂಡದ ಮೇಲೆ ಗಂಧಕ ಇಟ್ಟು ಮುಚ್ಚುತ್ತೇವೆ. ಅಂಗಳದ ಕೊನೆಯಲ್ಲಿ, ಜೇನಿದ್ದ ಪೆಟ್ಟಿಗೆಗಳಿಂದ ದೂರ, ನಾವೂ ಗಾಳಿಯ ಮೇಲ್ಬದಿಗೆ ನಿಂತು. ಈ ಹೊಗೆಗೆ ಮರಿ, ಪತಂಗ ಸಾಯುತ್ತವೆ, ಮೊಟ್ಟೆ ಸಾಯುವುದಿಲ್ಲ. ಹಾಗಾಗಿ ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಹಾಕಲೇಬೇಕು. ಈ ಎರಡನೇ ಸಲವೇ ಎಲ್ಲರ ಮನೆಯಲ್ಲೂ ತಪ್ಪುವುದು. ಅಷ್ಟು ಹೊತ್ತಿಗೆ ಮಳೆ ಹಿಡಿದಿರುತ್ತದೆ, ನಾಟಿ ಶುರುವಾಗಿರುತ್ತದೆ. ಡಾಂಬರು ಗುಳಿಗೆ ಹಾಕಿದರೆ ಆಯಿತಪ್ಪ ಎನ್ನುವವರಿದ್ದಾರೆ. ಸೀರೆಯ ಪೆಟ್ಟಿಗೆಗೆ ಅದು ಸರಿ. ಮೇಣ ಆ ವಾಸನೆಯನ್ನು ಹೀರಿಟ್ಟುಕೊಂಡು ಮುಂದಿನ ವರ್ಷದ ತುಪ್ಪಕ್ಕೆ ಕೊಡುತ್ತದೆ.

ಇಷ್ಟೆಲ್ಲ ಮಾಡಿದರೂ ಅದು ಅರ್ಧ ಕೆಲಸ. ಅಟ್ಟದ ಮೇಲಿರುವುದು ಸಾಮಾನು, ಅಂಗಳದಲ್ಲಿರುವುದು ಜೀವ. ಮೇಲಿನ ಜೇನುಕೋಣೆ ತೆಗೆದ ಕುಟುಂಬ ನಾಲ್ಕೈದು ಎರಿಗೆ ಕುಗ್ಗಿ ಮಳೆ ಕಳೆಯುತ್ತದೆ. ಅದಕ್ಕೆ ಸಂಜೆ ಹೊತ್ತು ಸಕ್ಕರೆ ಪಾಕ ಬೇಕು. ವಾರಕ್ಕೊಮ್ಮೆ ಅಡಿಮಣೆ ಗುಡಿಸಬೇಕು, ಅಲ್ಲಿ ಬಿದ್ದ ಮೇಣದ ಪುಡಿಯಲ್ಲೇ ಹುಳ ಹುಟ್ಟುವುದು. ಕಾಲಿಗೆ ಇರುವೆ ಹತ್ತದ ಹಾಗೆ ನೋಡಬೇಕು. ಇಷ್ಟು ತಪ್ಪಿದರೆ ಒಂದು ದಿನ ಹೊಳವಾದ ಕೂಡಲೆ ಕುಟುಂಬ ಎದ್ದು ಹೋಗುತ್ತದೆ. ಪುಣೆಯಿಂದ ವರ್ಷಕ್ಕೊಮ್ಮೆ ಬರುವ ಮಗನಿಂದ ಆಗುವ ಕೆಲಸ ಇದಲ್ಲ. ಆರು ವರ್ಷ ಮಾಡಿದ್ದು ಆಯಿ.

ಈ ವರ್ಷ ಆಯಿಯ ಎರಡೂ ಮೊಣಕಾಲು ಕೈಕೊಟ್ಟವು. ಆಪರೇಶನ್ ಆಗಲೇಬೇಕು, ಅದೂ ಪುಣೆಯಲ್ಲಿ, ಮಳೆಗಾಲವಿಡೀ ಅಲ್ಲೇ ಇರಬೇಕು ಎಂದು ನಾನೂ ತಮ್ಮನೂ ಫೋನಿನಲ್ಲೇ ತೀರ್ಮಾನಿಸಿದೆವು. ಆಯಿ ಆಪರೇಶನ್ನಿಗೆ ಹೆದರಲಿಲ್ಲ, ಪುಣೆಗೂ ಬೇಡವೆನ್ನಲಿಲ್ಲ. "ಕಾಲು ರಿಪೇರಿ ಮಾಡ್ಸಲಕ್ಕು ತಮಾ. ಜೇನಿಗೆ ಸಕ್ಕರೆ ಹಾಕದು ಯಾರು?" ಎಂದರು.

ತಮ್ಮ ಹೇಳಿದ್ದು, ಎಲ್ಲ ಮಾರಿಬಿಡೋಣ. ಅವನದು ಕಲ್ಲು ಮನಸ್ಸೇನಲ್ಲ. ಆಯಿಗೆ ಎಪ್ಪತ್ತೆರಡು. ಆಪರೇಶನ್ ಆದ ಕಾಲಿನಲ್ಲಿ ಅಟ್ಟದ ಏಣಿ ಹತ್ತುವುದು ಇನ್ನು ಕನಸು. ನಾವಿಬ್ಬರೂ ಊರಿಗೆ ತಿರುಗಿ ಹೋಗುವುದು ಯಾವಾಗಲೋ. ಖಾಲಿ ಮನೆಯಲ್ಲಿ ಎರಿ ಯಾರಿಗೆ? ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಒಪ್ಪಲೂ ಆಗಲಿಲ್ಲ.

ಕೆಳಗಿನ ಮನೆಯ ಹುಡುಗನೊಬ್ಬ ಬೆಂಗಳೂರಿನ ಕೆಲಸವನ್ನು ಊರಿನಿಂದಲೇ ಮಾಡುತ್ತಾನೆ. ಅವನಿಗೆ ಜೇನಿನ ಆಸೆ ಇತ್ತು, ಆಯಿಯ ಹಿಂದೆ ಹಿಂದೆ ತಿರುಗಿ ಸ್ವಲ್ಪ ಕಲಿತೂ ಇದ್ದ. ನಾಲ್ಕು ಕುಟುಂಬ ಅವನಿಗೆ ಎಂದಾಯಿತು. ದುಡ್ಡು ಕೊಡಲು ಬಂದ, ಆಯಿ ತೆಗೆದುಕೊಳ್ಳಲಿಲ್ಲ. ಉಳಿದದ್ದು ಏಳು ಜೇನುಕೋಣೆ, ನಲವತ್ತೊಂಬತ್ತು ಎರಿ. ಅವನ್ನೂ ಅವನಿಗೇ ಕೊಟ್ಟರೆ ತೊಳೆಯುವ ತಾಪತ್ರಯ ತಪ್ಪುತ್ತಿತ್ತು. ಆಯಿ ಕುರ್ಚಿ ಹಾಕಿಸಿಕೊಂಡು ಅಂಗಳದಲ್ಲಿ ಕೂತರು. "ಹಾಂಗೇ ಇಡಲಾಗ. ನಮ್ಮನೆ ಎರಿ ನಮ್ಮನೆ ಅಟ್ಟಕ್ಕೇ ಹೋಗವು" ಎಂದರು.

ಹಾಗಾಗಿ ಈ ಮೇ ತಿಂಗಳು ಯಾವ ವರ್ಷಕ್ಕೂ ಕಮ್ಮಿಯಿಲ್ಲದ ಹಾಗೆ ಕೆಲಸ ಮಾಡಿದೆವು. ಬೆರಳಿನ ನೆರಳು ಕಾಣದ ಹನ್ನೊಂದು ಎರಿ ಕರಗಿದವು, ಮೂವತ್ತೆಂಟು ಉಳಿದವು. ಕೆಳಗೆ ನಿಂತು ಎತ್ತಿಕೊಡಲು ಆ ಹುಡುಗ ಬಂದ, ಮೇಲೆ ನಾನು. ಅಟ್ಟದ ಮೂಲೆಯಲ್ಲಿ 1992ರ ಪೆಟ್ಟಿಗೆಗಳಲ್ಲಿ ಇನ್ನೂ ಐದು ಇವೆ. ಒಳಮೈ ಸುಟ್ಟ ಕಪ್ಪು ಹಾಗೆಯೇ ಇದೆ, ಕೈಗೆ ಹತ್ತುವುದಿಲ್ಲ.

ಜೂನ್ ಎರಡನೇ ವಾರ ಆಯಿಯನ್ನು ಪುಣೆಗೆ ಕರೆತಂದೆ. ಈಗ ಶ್ರಾವಣ. ಕಾಲು ಗುಣವಾಗುತ್ತಿದೆ, ಕೋಲು ಹಿಡಿದು ಸೊಸೈಟಿಯ ತೋಟದಲ್ಲಿ ಎರಡು ಸುತ್ತು ಬರುತ್ತಾರೆ. ಪುಣೆಯ ಮಳೆಯನ್ನು ಅವರು ಮಳೆ ಎಂದು ಒಪ್ಪಿಲ್ಲ. ಸಂಜೆ ಆರೂವರೆಗೆ ಫೋನು ಹಿಡಿದು ಕೂರುತ್ತಾರೆ, ಅದು ಊರಿನಲ್ಲಿ ಪಾಕ ಹೊಯ್ಯುವ ಹೊತ್ತು. "ಸಕ್ಕರೆ ಹಾಕಿದ್ಯ ಅಪ್ಪಿ?" "ಹಾಕಿದ್ದಿ ದೊಡ್ಡಾಯಿ." ಆಮೇಲೆ ಅಡಿಮಣೆ, ಇರುವೆ, ಹೊಳವಾಗಿತ್ತೋ ಇಲ್ಲವೋ. ಕರೆಂಟು ಹೋಗಿ ಎರಡು ದಿನ ಅವನ ಫೋನು ಸತ್ತರೆ ನಮ್ಮ ಮನೆಯಲ್ಲಿ ಊಟ ರುಚಿಸುವುದಿಲ್ಲ.

ಜುಲೈ ಕೊನೆಗೆ ನಾಲ್ಕರಲ್ಲಿ ಒಂದು ಕುಟುಂಬ ಎದ್ದು ಹೋಯಿತು. ಹುಡುಗ ಮೂರು ದಿನ ಹೇಳಲಿಲ್ಲ. ಕೊನೆಗೆ ಹೇಳಿದಾಗ ಆಯಿ ಬೈಯಲಿಲ್ಲ, ಯಾವ ಪೆಟ್ಟಿಗೆ ಎಂದಷ್ಟೇ ಕೇಳಿದರು. ಮಾವಿನಮರದ ಬುಡದ್ದು ಎಂದ. ಅದು ಪ್ರತಿ ವರ್ಷ ಹಾಗೇ, ಹೋಗುವ ಜಾತಿಯದು, ಪೆಟ್ಟಿಗೆ ತೊಳೆದು ಒಣಗಿಸಿಡು ಎಂದರು. ಅದು ಪ್ರತಿ ವರ್ಷ ಹೋಗುತ್ತಿದ್ದುದು ನನಗೆ ನೆನಪಿಲ್ಲ.

ಮೊನ್ನೆ ಅವನು ನಮ್ಮ ಅಟ್ಟದ ವಿಡಿಯೋ ಕಳಿಸಿದ್ದ. ಟಾರ್ಚ್ ಬೆಳಕಿನಲ್ಲಿ ಮೂವತ್ತೆಂಟು ಎರಿ ಸಾಲಾಗಿ ತೂಗುತ್ತಿದ್ದವು. ಆಯಿ ಕನ್ನಡಕ ಏರಿಸಿ ನಾಲ್ಕು ಸಲ ನೋಡಿದರು. ಐದನೇ ಸಲ ನಿಲ್ಲಿಸಲು ಹೇಳಿದರು. ನನ್ನ ಕಣ್ಣಿಗೆ ಏನೂ ಕಾಣಲಿಲ್ಲ, ಅವರಿಗೆ ಎಡಗಡೆಯ ಮೂರನೆಯದರ ಮೂಲೆಯಲ್ಲಿ ಬಿಳಿ ನೂಲಿನ ಎಳೆ ಕಂಡಿತ್ತು. ಕೂಡಲೇ ಫೋನು. ಅದೊಂದನ್ನು ತೆಗೆದು ಒಲೆಗೆ ಹಾಕು, ಅಕ್ಕಪಕ್ಕದ ಎರಡನ್ನು ಬೇರೆ ಇಡು, ಉಳಿದದ್ದಕ್ಕೆ ನಾಳೆಯೇ ಗಂಧಕ, ಅಷ್ಟಮಿ ಕಳೆದ ಮೇಲೆ ಇನ್ನೊಮ್ಮೆ. ಗಂಧಕ ಎಲ್ಲಿದೆ ಎಂದು ಹುಡುಗ ಕೇಳಿದ. ದೇವರ ಕೋಣೆಯ ನಾಗಂದಿಗೆ ಮೇಲೆ, ಹಾರ್ಲಿಕ್ಸ್ ಬಾಟಲಿಯಲ್ಲಿ, ಬೀಗದ ಕೈ ನಿಮ್ಮ ಅಮ್ಮನ ಹತ್ತಿರ ಕೊಟ್ಟಿದ್ದೇನೆ ಎಂದರು ಆಯಿ.